ಹೈಸ್ಕೂಲಿನಲ್ಲಿ ಖಗೋಳ ಕಲಿಯಲು ಒಂದು ಕೋಲು, ಒಂದು ನೋಟ್‌ಬುಕ್

ಹೈಸ್ಕೂಲಿನ ಖಗೋಳ ಪಾಠ ಬಹುತೇಕ ಕಡೆ ಗ್ರಹಗಳ ಪಟ್ಟಿಯಿಂದ ಶುರುವಾಗುತ್ತದೆ. ಬುಧ, ಶುಕ್ರ, ಭೂಮಿ, ಮಂಗಳ ಅಂತ ಮಕ್ಕಳು ಒಂದೇ ಪೀರಿಯಡ್ಡಿನಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ಅದೇ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, "ನಡುಮಧ್ಯಾಹ್ನ ನಿಮ್ಮ ನೆರಳು ಯಾವ ದಿಕ್ಕಿಗೆ ಬೀಳುತ್ತೆ?" ಎಂದು ಕೇಳಿ ನೋಡಿ. ಅರ್ಧ ತರಗತಿ ಸುಮ್ಮನಾಗುತ್ತದೆ, ಇನ್ನರ್ಧ "ಮಧ್ಯಾಹ್ನ ನೆರಳೇ ಇರಲ್ಲ ಮಿಸ್" ಎನ್ನುತ್ತದೆ.

ತುಮಕೂರು ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು ಈಗ ಆ ಪಟ್ಟಿಯನ್ನು ವರ್ಷದ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ನೋಡುವುದು, ಅಳೆಯುವುದು, ತಾರೀಖು ಹಾಕಿ ಬರೆದಿಡುವುದು. ಹೆಸರುಗಳು ಆಮೇಲೆ ಬರಲಿ. ಇದಕ್ಕೆ ಟೆಲಿಸ್ಕೋಪ್ ಬೇಕಿಲ್ಲ. ಕೆಲಸದ ಮುಕ್ಕಾಲು ಪಾಲು ಹಗಲಿನಲ್ಲೇ, ಶಾಲೆಯ ವೇಳೆಯಲ್ಲೇ ಮುಗಿಯುತ್ತದೆ. ಸಂಜೆ ಬಸ್ಸು ಹಿಡಿದು ದೂರದ ಊರಿಗೆ ಹೋಗಬೇಕಾದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದು ದೊಡ್ಡ ವಿಷಯ. ರಾತ್ರಿ ಬಂದವರಿಗೆ ಮಾತ್ರ ಖಗೋಳ ಎಂದರೆ ಅರ್ಧ ತರಗತಿಯನ್ನು ಹೊರಗಿಟ್ಟಂತೆ.

ಸಹೋದ್ಯೋಗಿ ಶಿಕ್ಷಕರಿಗೆ, ತಾವೇ ಮಾಡಿ ನೋಡಬೇಕೆನ್ನುವ ವಿದ್ಯಾರ್ಥಿಗಳಿಗೆ ಅನುಕೂಲವಾಗಲಿ ಎಂದು ಜೂನ್‌ನಿಂದ ಮಾರ್ಚ್‌ವರೆಗಿನ ಶಾಲಾ ವರ್ಷದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಅಳತೆಗಳು ತುಮಕೂರಿನ ಅಕ್ಷಾಂಶಕ್ಕೆ, ಅಂದರೆ ಉತ್ತರ 13.3 ಡಿಗ್ರಿಗೆ ಹೊಂದುವಂಥವು. ನಿಮ್ಮೂರಿನ ಅಕ್ಷಾಂಶ ಫೋನಿನ ನಕ್ಷೆಯಲ್ಲಿ ಸಿಗುತ್ತದೆ. ಆದರೆ ಅದನ್ನು ಮಕ್ಕಳಿಗೆ ಈಗಲೇ ಹೇಳಬೇಡಿ. ಸೆಪ್ಟೆಂಬರಿನಲ್ಲಿ ಅವರೇ ಕಂಡುಹಿಡಿಯುತ್ತಾರೆ.

ಹಂತ 1: ಕೋಲು ನೆಡುವುದು (ಜೂನ್)

ಸರಿಯಾಗಿ 1 ಮೀಟರ್ ಉದ್ದದ, ನೆಟ್ಟಗಿರುವ ಕಬ್ಬಿಣದ ಸರಳು ಅಥವಾ ಬಿದಿರಿನ ಗಳು ತೆಗೆದುಕೊಳ್ಳಿ. ಮಧ್ಯಾಹ್ನ ಮರದ ನೆರಳಾಗಲಿ ಕಟ್ಟಡದ ನೆರಳಾಗಲಿ ಬೀಳದ ಜಾಗ ಬೇಕು. ನಾವು ಹಳೆಯ ಎಣ್ಣೆ ಡಬ್ಬಿಯಲ್ಲಿ ಸಿಮೆಂಟು ತುಂಬಿ ಸರಳನ್ನು ನಿಲ್ಲಿಸಿದೆವು. ಸಿಮೆಂಟಿನ ಮೇಲೆ ಕಾಣುವ ಭಾಗ 1 ಮೀಟರ್ ಇರಬೇಕು ಎಂಬುದನ್ನು ಮರೆಯಬೇಡಿ. ಡಬ್ಬಿಯನ್ನು ನೆಲದಲ್ಲಿ ಹೂತು, ಸಿಮೆಂಟಿನ ಮಟ್ಟ ನೆಲದ ಮಟ್ಟಕ್ಕೇ ಬರುವಂತೆ ಮಾಡಿ. ಸರಳು ನೆಟ್ಟಗಿದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ಎರಡು ಕಡೆಯಿಂದ ನೋಡಿ. ನೆಲ ಮಟ್ಟವಾಗಿದೆಯೇ ಎಂದು ತಿಳಿಯಲು ಒಂದು ಚೊಂಬು ನೀರು ಸುರಿದರೆ ಸಾಕು, ಹರಿಯುವ ಕಡೆಯೇ ಇಳಿಜಾರು.

ಈಗ ದಿಕ್ಕು. ದಿಕ್ಸೂಚಿ ತರಬೇಡಿ, ಫೋನೂ ಬೇಡ. ಕೋಲಿನ ಬುಡವನ್ನು ಕೇಂದ್ರವಾಗಿಟ್ಟು ದಾರ ಮತ್ತು ಸುಣ್ಣದಿಂದ ಒಂದು ವೃತ್ತ ಎಳೆಯಿರಿ. ಬೆಳಿಗ್ಗೆ ಉದ್ದವಾಗಿರುವ ನೆರಳು ಕುಗ್ಗುತ್ತಾ ಬಂದು ಅದರ ತುದಿ ವೃತ್ತವನ್ನು ಮುಟ್ಟುವ ಜಾಗಕ್ಕೆ ಒಂದು ಮೊಳೆ. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಬೆಳೆದು ತುದಿ ವೃತ್ತವನ್ನು ದಾಟುವ ಜಾಗಕ್ಕೆ ಇನ್ನೊಂದು ಮೊಳೆ. ಎರಡನ್ನೂ ಸೇರಿಸುವ ಗೆರೆಯೇ ಪೂರ್ವ–ಪಶ್ಚಿಮ. ಅದಕ್ಕೆ ಕೋಲಿನ ಬುಡದಿಂದ ಲಂಬ ಎಳೆದರೆ ಉತ್ತರ–ದಕ್ಷಿಣ. ನಮ್ಮ ಹಳೆಯ ಜ್ಯೋತಿಶ್ಶಾಸ್ತ್ರ ಗ್ರಂಥಗಳಲ್ಲಿ ಈ ಕೋಲಿಗೆ ಶಂಕು ಎಂದು ಹೆಸರು, 12 ಅಂಗುಲದ ಶಂಕು ವಾಡಿಕೆಯಲ್ಲಿತ್ತು. ಸೂರ್ಯಸಿದ್ಧಾಂತದಲ್ಲಿ ಇದೇ ವಿಧಾನವಿದೆ. ಇದನ್ನು ಮಾಡಿದ ಮೇಲೆ ಹೇಳಿ, ಮೊದಲೇ ಹೇಳಬೇಡಿ. ತಾವು ಹೊಡೆದ ಮೊಳೆಯ ಪಕ್ಕ ನಿಂತು ಕೇಳಿದಾಗ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಮಾತು ಮಕ್ಕಳಿಗೆ ಪಕ್ಕದ ಮನೆಯವರ ಮಾತಿನಷ್ಟು ಹತ್ತಿರವಾಗುತ್ತದೆ.

ಜೂನ್‌ನಲ್ಲಿ ಮೋಡ ಕಾಟ ಕೊಡುತ್ತದೆ. ವೃತ್ತದ ಕೆಲಸಕ್ಕೆ ಒಂದೇ ದಿನ ಬೆಳಿಗ್ಗೆಯೂ ಮಧ್ಯಾಹ್ನವೂ ಬಿಸಿಲು ಬೇಕು. ಆದ್ದರಿಂದ ಚಿಕ್ಕದು, ದೊಡ್ಡದು ಎಂದು ಮೂರ್ನಾಲ್ಕು ವೃತ್ತ ಎಳೆದಿಟ್ಟುಕೊಳ್ಳಿ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.

ಹಂತ 2: ನಿಜವಾದ ಮಧ್ಯಾಹ್ನ ಯಾವಾಗ?

ಗಡಿಯಾರದಲ್ಲಿ 12 ಹೊಡೆದಾಗ ಸೂರ್ಯ ನೆತ್ತಿಯ ಗೆರೆಗೆ ಬಂದಿರುವುದಿಲ್ಲ. 11:50ರಿಂದ 12:50ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಿ. ಅತಿ ಚಿಕ್ಕ ನೆರಳು ಯಾವಾಗ ಬಂತೋ ಅದೇ ಊರಿನ ಮಧ್ಯಾಹ್ನ. ತುಮಕೂರಿನಲ್ಲಿ ಅದು ಸರಾಸರಿ 12:22ರ ಹೊತ್ತಿಗೆ. ಕಾರಣ ಸರಳ. ಭಾರತದ ಗಡಿಯಾರ ಪೂರ್ವ ರೇಖಾಂಶ 82.5 ಡಿಗ್ರಿಗೆ ಹೊಂದಿಸಿದ್ದು. ನಾವು ಅದಕ್ಕಿಂತ ಸುಮಾರು ಐದೂವರೆ ಡಿಗ್ರಿ ಪಶ್ಚಿಮಕ್ಕಿದ್ದೇವೆ. ಭೂಮಿ 1 ಡಿಗ್ರಿ ತಿರುಗಲು 4 ನಿಮಿಷ. ಕಾರವಾರದ ಮಕ್ಕಳಿಗೆ ಇನ್ನೂ ತಡ, ಸರಾಸರಿ 12:34ರ ಸುಮಾರು.

ಈ ಹೊತ್ತು ವರ್ಷವಿಡೀ ಒಂದೇ ಇರುವುದಿಲ್ಲ. ನವೆಂಬರ್ ಮೊದಲ ವಾರದಲ್ಲಿ ನಮ್ಮಲ್ಲಿ 12:05ಕ್ಕೇ ಆಗಿಬಿಡುತ್ತದೆ, ಫೆಬ್ರವರಿ ನಡುವಿಗೆ 12:36ಕ್ಕೆ ಹೋಗುತ್ತದೆ. ಭೂಮಿಯ ದಾರಿ ಪೂರ್ತಿ ವೃತ್ತವಲ್ಲ, ಅದರ ಅಕ್ಷವೂ ಓರೆ, ಈ ಎರಡು ಸೇರಿ ಹೀಗಾಗುತ್ತದೆ. 8ನೇ ತರಗತಿಗೆ ಇಷ್ಟು ವಿವರ ಬೇಕಿಲ್ಲ. ಬದಲಾಗುತ್ತದೆ ಎಂದು ಬರೆದಿಟ್ಟುಕೊಂಡರೆ ಸಾಕು.

ಹಂತ 3: ನೆರಳು ದಕ್ಷಿಣಕ್ಕೆ ಬೀಳುವ ದಿನಗಳು

ವಾರಕ್ಕೊಮ್ಮೆ ಊಟದ ಬಿಡುವಿಗೆ ಮುಂಚೆ ಇಬ್ಬರು ಮಕ್ಕಳು ಹೋಗಿ ಅತಿ ಚಿಕ್ಕ ನೆರಳನ್ನು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಬೇಕು: ತಾರೀಖು, ಸಮಯ, ಉದ್ದ, ದಿಕ್ಕು. ಅಷ್ಟೇ. ದಿಕ್ಕಿನ ಅಂಕಣವನ್ನು ಬಿಡಬೇಡಿ, ಇಡೀ ವರ್ಷದ ಅತಿ ದೊಡ್ಡ ಅಚ್ಚರಿ ಅಲ್ಲೇ ಕೂತಿದೆ.

ನಾವು ಶುರು ಮಾಡಿದ ವರ್ಷ ಜೂನ್ ಕೊನೆಯಲ್ಲಿ ಒಬ್ಬ ಹುಡುಗಿ ಓಡಿಬಂದು, "ಮಿಸ್, ನೆರಳು ಉಲ್ಟಾ ಬಿದ್ದೈತೆ, ಕೋಲೇ ವಾಲ್ಕೊಂಡೈತೇನೋ" ಎಂದಳು. ಕಲ್ಲು ಕಟ್ಟಿದ ದಾರ ಹಿಡಿದು ನೋಡಿದೆವು, ಕೋಲು ನೆಟ್ಟಗೇ ಇತ್ತು. ನೆರಳು ದಕ್ಷಿಣಕ್ಕೆ ಬಿದ್ದಿತ್ತು, 18 ಸೆಂಟಿಮೀಟರ್. ಜೂನ್ 21ರ ಹೊತ್ತಿಗೆ ಸೂರ್ಯ ಉತ್ತರ 23.4 ಡಿಗ್ರಿ ಅಕ್ಷಾಂಶದ ನೆತ್ತಿಯಲ್ಲಿರುತ್ತಾನೆ, ನಾವಿರುವುದು 13.3ರಲ್ಲಿ. ಅಂದರೆ ಸೂರ್ಯ ನಮಗಿಂತ 10 ಡಿಗ್ರಿ ಉತ್ತರಕ್ಕೆ, ನೆರಳು ದಕ್ಷಿಣಕ್ಕೆ. ಕರ್ನಾಟಕ ಪೂರ್ತಿ ಕರ್ಕಾಟಕ ಸಂಕ್ರಾಂತಿ ವೃತ್ತದ ಕೆಳಗಿರುವುದರಿಂದ ಬೀದರಿನಿಂದ ಚಾಮರಾಜನಗರದವರೆಗೆ ಯಾವ ಶಾಲೆಯಲ್ಲೂ ಇದನ್ನು ಕಾಣಬಹುದು. ದೆಹಲಿಯ ಮಕ್ಕಳಿಗೆ ಈ ಭಾಗ್ಯವಿಲ್ಲ, ಅಲ್ಲಿ ಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೇ. ಆ ಹುಡುಗಿಯ ಪ್ರಶ್ನೆಗೆ ನಾನು ಅವತ್ತು ಉತ್ತರ ಹೇಳಲಿಲ್ಲ. "ಮುಂದಿನ ವಾರ ಏನಾಗುತ್ತೆ ನೋಡು" ಎಂದೆ. ಹಾಗೆ ಕಾಯಿಸುವುದು ಕಷ್ಟ, ಆದರೆ ಕಾಯಿಸಿ.

ಜುಲೈ ಕಳೆದಂತೆ ಆ ದಕ್ಷಿಣದ ನೆರಳು ಕುಗ್ಗುತ್ತದೆ. ಆಗಸ್ಟ್ ನಡುವಿಗೆ ಒಂದು ದಿನ ಮಧ್ಯಾಹ್ನ ನೆರಳು ಪೂರಾ ಕೋಲಿನ ಬುಡದಲ್ಲೇ ಅಡಗುತ್ತದೆ. ಅದೇ ಶೂನ್ಯ ನೆರಳಿನ ದಿನ. ಬೆಂಗಳೂರು ಮತ್ತು ಮಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ. ಉತ್ತರಕ್ಕೆ ಹೋದಂತೆ ಏಪ್ರಿಲ್‌ನದು ಮೇಗೆ ಜಾರುತ್ತದೆ, ಆಗಸ್ಟ್‌ನದು ಹಿಂದಕ್ಕೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ 10ರ ಆಸುಪಾಸು. ಏಪ್ರಿಲ್, ಮೇ ಎಂದರೆ ರಜೆ, ಹಾಗಾಗಿ ಶಾಲೆಗೆ ಸಿಗುವುದು ಆಗಸ್ಟ್ ಒಂದೇ. ಮೋಡದ ಕಾಲ ಬೇರೆ. ಒಂದೇ ದಿನವನ್ನು ನಂಬದೆ ಆ ವಾರ ಪೂರ್ತಿ ಮಧ್ಯಾಹ್ನ 12:15ರಿಂದ 12:35ರವರೆಗೆ ಅಂಗಳದಲ್ಲಿರಿ. ಎರಡು ಮೂರು ದಿನ ಆಚೀಚೆಯಾದರೂ ನೆರಳು ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚಿರುವುದಿಲ್ಲ. ಬಿಸಿಯೂಟದ ಲೋಟಗಳನ್ನೆಲ್ಲ ತಂದು ಸಾಲಾಗಿ ನಿಲ್ಲಿಸಿದರೆ ಒಂದಕ್ಕೂ ನೆರಳಿಲ್ಲದೆ ನಿಂತಿರುವುದನ್ನು ಕಾಣಬಹುದು. ಆ ನೋಟವನ್ನು ಮಕ್ಕಳು ಎಷ್ಟೋ ವರ್ಷದ ಮೇಲೂ ನೆನೆಸಿಕೊಳ್ಳುತ್ತಾರೆ.

ಹಂತ 4: ಅಕ್ಷಾಂಶ, ಆಮೇಲೆ ಇಡೀ ಭೂಮಿ

ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯ ಸಮಭಾಜಕ ವೃತ್ತದ ನೆತ್ತಿಯಲ್ಲಿರುತ್ತಾನೆ. ಆ ದಿನದ ಮಧ್ಯಾಹ್ನ ನಮ್ಮ 1 ಮೀಟರ್ ಕೋಲಿನ ನೆರಳು 24 ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. 10ನೇ ತರಗತಿಯವರಿಗೆ ತ್ರಿಕೋನಮಿತಿ ಬಂದಿರುತ್ತದೆ, ಟ್ಯಾನ್ ಬೆಲೆಯಿಂದ ಕೋನ ತೆಗೆಯಲಿ. 8, 9ನೇಯವರು ಗ್ರಾಫ್ ಹಾಳೆಯ ಮೇಲೆ ಹತ್ತಕ್ಕೊಂದರ ಪ್ರಮಾಣದಲ್ಲಿ ಕೋಲು, ನೆರಳು ಎರಡನ್ನೂ ಬರೆದು ಕೋನಮಾಪಕದಿಂದ ಅಳೆದರೂ ಸಾಕು. 13 ಡಿಗ್ರಿಯ ಆಸುಪಾಸು ಬರುತ್ತದೆ. ಅದೇ ಊರಿನ ಅಕ್ಷಾಂಶ. ಈಗ ಫೋನಿನ ನಕ್ಷೆ ತೆರೆದು ತೋರಿಸಿ.

ಇದರ ಮುಂದಿನ ಮೆಟ್ಟಿಲು ಎರಡು ಶಾಲೆಗಳು ಸೇರಿ ಮಾಡುವ ಕೆಲಸ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಸಿಯೀನ್ ಮತ್ತು ಅಲೆಕ್ಸಾಂಡ್ರಿಯಾ ಊರುಗಳ ನೆರಳಿನ ಕೋನದ ವ್ಯತ್ಯಾಸದಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಆ ವ್ಯತ್ಯಾಸ ವೃತ್ತದ ಐವತ್ತನೇ ಒಂದು ಭಾಗ. ಅದಕ್ಕೆ ಈಜಿಪ್ಟಿಗೆ ಹೋಗಬೇಕಿಲ್ಲ. ಬೀದರ್ ಮತ್ತು ಚಾಮರಾಜನಗರ ಬಹುತೇಕ ಒಂದೇ ರೇಖಾಂಶದಲ್ಲಿವೆ, ಅಕ್ಷಾಂಶದಲ್ಲಿ ಸುಮಾರು 6 ಡಿಗ್ರಿ ಅಂತರ. ಉತ್ತರ–ದಕ್ಷಿಣ ದೂರ ನಕ್ಷೆಯಲ್ಲಿ ನೇರ ಅಳೆದರೆ ಸುಮಾರು 660 ಕಿಲೋಮೀಟರ್. ಒಂದೇ ದಿನ ಎರಡೂ ಕಡೆ ಮಧ್ಯಾಹ್ನದ ನೆರಳಿನ ಕೋನ ಅಳೆದು ಫೋನಿನಲ್ಲಿ ಹೇಳಿಕೊಳ್ಳಿ. ವ್ಯತ್ಯಾಸ 6 ಡಿಗ್ರಿ ಬಂದರೆ ಅದು ಪೂರ್ಣ ವೃತ್ತದ 60ನೇ ಒಂದು ಭಾಗ. 660ನ್ನು 60ರಿಂದ ಗುಣಿಸಿ, 39,600 ಕಿಲೋಮೀಟರ್. ಧ್ರುವಗಳ ಮೂಲಕ ಹಾದುಹೋಗುವ ನಿಜವಾದ ಸುತ್ತಳತೆ ಸುಮಾರು 40,000.

ಇಲ್ಲಿ ಮಕ್ಕಳು ಎಡವುವ ಜಾಗ ಒಂದಿದೆ. ಸೂರ್ಯ ಆ ಎರಡು ಊರುಗಳ ಅಕ್ಷಾಂಶದ ನಡುವೆ ಇರುವ ದಿನಗಳಲ್ಲಿ ಬೀದರಿನ ನೆರಳು ಉತ್ತರಕ್ಕೆ, ಚಾಮರಾಜನಗರದ್ದು ದಕ್ಷಿಣಕ್ಕೆ ಬೀಳುತ್ತದೆ. ಆಗ ಕೋನಗಳನ್ನು ಕಳೆಯಬಾರದು, ಕೂಡಬೇಕು. ಬೆಂಗಳೂರಿನ ಶೂನ್ಯ ನೆರಳಿನ ದಿನ ಹೀಗೇ ಆಗುತ್ತದೆ: ಬೀದರಿನಲ್ಲಿ ಉತ್ತರಕ್ಕೆ 5 ಡಿಗ್ರಿ, ಚಾಮರಾಜನಗರದಲ್ಲಿ ದಕ್ಷಿಣಕ್ಕೆ 1 ಡಿಗ್ರಿ. ನಿಮಗೆ ಅಷ್ಟು ದೂರದ ಗೆಳೆಯರಿಲ್ಲದಿದ್ದರೆ 200 ಕಿಲೋಮೀಟರ್ ಅಂತರದ ಶಾಲೆಯೂ ನಡೆಯುತ್ತದೆ, ಆದರೆ ನೆರಳಿನ ಅಂಚು ಮಸುಕಾಗಿರುವುದರಿಂದ ಆಗುವ ಅರ್ಧ ಸೆಂಟಿಮೀಟರ್ ತಪ್ಪು ಉತ್ತರವನ್ನು ಸಾವಿರಾರು ಕಿಲೋಮೀಟರ್ ಆಚೀಚೆ ಎಳೆಯುತ್ತದೆ. ತಪ್ಪು ಎಲ್ಲಿಂದ ಬಂತು ಎಂದು ತರಗತಿಯಲ್ಲಿ ಚರ್ಚಿಸಿ. ಸರಿ ಉತ್ತರಕ್ಕಿಂತ ಆ ಚರ್ಚೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಹಂತ 5: ಬೆಳಗಿನ ಪ್ರಾರ್ಥನೆಯ ಚಂದ್ರ

"ಚಂದ್ರ ಯಾಕೆ ಸಣ್ಣದಾಗುತ್ತೆ?" ಎಂದರೆ ಹೆಚ್ಚಿನ ಮಕ್ಕಳು "ಭೂಮಿಯ ನೆರಳು ಬೀಳುತ್ತೆ" ಎನ್ನುತ್ತಾರೆ. ಎಷ್ಟೋ ಪದವೀಧರರೂ ಹಾಗೇ ನಂಬಿದ್ದಾರೆ. ಬೋರ್ಡಿನ ಮೇಲೆ ಚಿತ್ರ ಬರೆದು ಈ ನಂಬಿಕೆಯನ್ನು ಕೀಳಲು ಆಗುವುದಿಲ್ಲ, ನಾನು ಪ್ರಯತ್ನಿಸಿದ್ದೇನೆ. ಒಂದು ಮಣ್ಣಿನ ಉಂಡೆ ಕೀಳುತ್ತದೆ.

ಹುಣ್ಣಿಮೆ ಕಳೆದು ಏಳೆಂಟು ದಿನಕ್ಕೆ, ಅಂದರೆ ಬಹುಳ ಸಪ್ತಮಿ, ಅಷ್ಟಮಿಯ ಸುಮಾರಿಗೆ, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಪಶ್ಚಿಮದ ಆಕಾಶ ನೋಡಿ. ಬಿಸಿಲಿನಲ್ಲಿ ಬಿಳಿಚಿಕೊಂಡ ಅರ್ಧ ಚಂದ್ರ ಇರುತ್ತಾನೆ. ಹಗಲು ಚಂದ್ರ ಕಾಣುತ್ತಾನೆ ಎಂಬುದೇ ಕೆಲವರಿಗೆ ಹೊಸ ಸುದ್ದಿ. ಪೆನ್ಸಿಲ್ ತುದಿಗೆ ನಿಂಬೆಹಣ್ಣಿನ ಗಾತ್ರದ ಒಣಗಿದ ಮಣ್ಣಿನ ಉಂಡೆ ಚುಚ್ಚಿ, ಬಿಸಿಲಿನಲ್ಲಿ ನಿಂತು, ತೋಳು ಚಾಚಿ ಉಂಡೆಯನ್ನು ಚಂದ್ರನ ಪಕ್ಕಕ್ಕೇ ಹಿಡಿಯಬೇಕು. ಒಂದು ಕಣ್ಣು ಮುಚ್ಚಿ ನೋಡಿ. ಉಂಡೆಯ ಮೇಲೆ ಬಿಸಿಲು ಬಿದ್ದ ಭಾಗದ ಆಕಾರ ಮತ್ತು ಚಂದ್ರನ ಆಕಾರ ಒಂದೇ. ಎರಡರ ಬೆಳಗಿದ ಬದಿಯೂ ಸೂರ್ಯನ ಕಡೆಗೇ. ಆಚೆ ಈಚೆ ಯಾವ ನೆರಳೂ ಇಲ್ಲ. ಇದನ್ನು ಮೂರು ದಿನ ಬಿಟ್ಟು ಮತ್ತೆ ಮಾಡಿಸಿ, ಉಂಡೆಯೂ ಚಂದ್ರನಂತೆಯೇ ಸಣಕಲಾಗಿರುತ್ತದೆ. ನಮ್ಮಲ್ಲಿ 9ನೇ ತರಗತಿಯ ಹುಡುಗನೊಬ್ಬ ಉಂಡೆಯನ್ನು ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ಮೆಲ್ಲಗೆ, "ಹಂಗಾದ್ರೆ ಅದೂ ಉಂಡೇನೇ" ಎಂದ. ಚಂದ್ರ ಗೋಲ ಎಂದು ಅವನು ಐದನೇ ತರಗತಿಯಿಂದ ಬರೆಯುತ್ತಲೇ ಇದ್ದ. ಅವನ ಕಣ್ಣಿಗೆ ಅದು ಕಂಡದ್ದು ಅವತ್ತು.

ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಗ್ರಹಣದ ದಿನ ಮಾತ್ರ, ಅದೂ ಹುಣ್ಣಿಮೆಯಲ್ಲೇ. 2025ರ ಸೆಪ್ಟೆಂಬರ್ 7ರ ರಾತ್ರಿ ಆದ ಪೂರ್ಣ ಚಂದ್ರಗ್ರಹಣವನ್ನು ಮೋಡವಿಲ್ಲದ ಕಡೆ ನೋಡಿದವರಿಗೆ ಆ ನೆರಳಿನ ದುಂಡನೆಯ ಅಂಚು ನೆನಪಿರುತ್ತದೆ.

ಚಂದ್ರನ ಡೈರಿಯನ್ನು ಅಮಾವಾಸ್ಯೆಯ ಮರುದಿನದಿಂದ ಶುರು ಮಾಡಿಸಿ. ದಿನವೂ ಸೂರ್ಯ ಮುಳುಗುವ ಹೊತ್ತಿಗೆ ಮನೆಯ ಮುಂದೆ ಒಂದೇ ಜಾಗದಲ್ಲಿ ನಿಂತು ಚಂದ್ರನ ಆಕಾರ, ಎತ್ತರ, ಯಾವ ಮರದ ಮೇಲಿದ್ದಾನೆ ಎಂದು ಬರೆಯಬೇಕು. ಹದಿನೈದು ದಿನದಲ್ಲಿ ಅವನು ಪಶ್ಚಿಮದಿಂದ ಪೂರ್ವಕ್ಕೆ ಸರಿದಿರುತ್ತಾನೆ. ನಕ್ಷತ್ರಗಳ ನಡುವೆ ಅವನ ನಡೆ ದಿನಕ್ಕೆ ಸುಮಾರು 13 ಡಿಗ್ರಿ. ಪೂರ್ತಿ ಸುತ್ತು 27.3 ದಿನ. ನಮ್ಮ ಹಿರಿಯರು ಚಂದ್ರನ ದಾರಿಗೆ 27 ನಕ್ಷತ್ರಗಳನ್ನು ಇಟ್ಟದ್ದು ಯಾಕೆ ಎಂದು ಇಲ್ಲಿ ಗೊತ್ತಾಗುತ್ತದೆ, ದಿನಕ್ಕೊಂದು ತಂಗುಮನೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಮಾತ್ರ 29.5 ದಿನ, ಅಷ್ಟರಲ್ಲಿ ಭೂಮಿಯೂ ಸೂರ್ಯನ ಸುತ್ತ ಮುಂದೆ ಹೋಗಿರುವುದರಿಂದ ಚಂದ್ರ ಇನ್ನೆರಡು ದಿನ ಹೆಚ್ಚು ನಡೆಯಬೇಕು. ಕಾರ್ತಿಕ ಹುಣ್ಣಿಮೆಯಂದು ಚಂದ್ರನ ಹತ್ತಿರ ಇರುವ ಚುಕ್ಕಿಗೊಂಚಲು ಕೃತ್ತಿಕೆ. ಚೈತ್ರಕ್ಕೆ ಚಿತ್ತಾ, ಮಾಘಕ್ಕೆ ಮಖಾ. ತಿಂಗಳ ಹೆಸರುಗಳೇ ಆಕಾಶದ ಗುರುತುಚೀಟಿ.

ಹಂತ 6: ಅಜ್ಜನ ಮಳೆ ನಕ್ಷತ್ರ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪಾಠ. ಮಕ್ಕಳಿಗೆ ಒಂದು ಮನೆಗೆಲಸ ಕೊಡಿ: ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ಮಳೆಗಳ ಹೆಸರನ್ನು ಕ್ರಮವಾಗಿ ಬರೆದುಕೊಂಡು ಬರಬೇಕು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಅಂತ ಸ್ವಾತಿ, ವಿಶಾಖದವರೆಗೆ ಪಟ್ಟಿ ಬರುತ್ತದೆ. ಜೊತೆಗೆ ಗಾದೆಗಳೂ ಬರುತ್ತವೆ. ಉತ್ತರ ಕರ್ನಾಟಕದ ಕಡೆ "ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ" ಎನ್ನುತ್ತಾರೆ. ಒಂದೊಂದು ಮಳೆ 13, 14 ದಿನ. ಯಾಕೆ? 365ನ್ನು 27ರಿಂದ ಭಾಗಿಸಿ, ಹದಿಮೂರೂವರೆ. ಸೂರ್ಯ ಯಾವ ನಕ್ಷತ್ರದ ಜಾಗದಲ್ಲಿದ್ದಾನೋ ಅದೇ ಆಗಿನ ಮಳೆಯ ಹೆಸರು.

ಈಗ ಪ್ರಶ್ನೆ: ಆರಿದ್ರಾ ಮಳೆ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಆಗ ರಾತ್ರಿ ಆರಿದ್ರಾ ನಕ್ಷತ್ರ ಎಲ್ಲಿ ಕಾಣುತ್ತದೆ?

ಉತ್ತರ ಹೇಳದೆ ತರಗತಿಯ ನಡುವೆ ಒಂದು ಸ್ಟೂಲಿನ ಮೇಲೆ ಬಲ್ಬು ಇಡಿ. 27 ಚೀಟಿಗಳಲ್ಲಿ ನಕ್ಷತ್ರಗಳ ಹೆಸರು ಬರೆದು ನಾಲ್ಕೂ ಗೋಡೆಗೆ ಸುತ್ತಲೂ ಅಂಟಿಸಿ, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಕ್ರಮ ಸಾಗಬೇಕು. ಒಬ್ಬ ವಿದ್ಯಾರ್ಥಿ ಭೂಮಿಯಾಗಿ ಅದೇ ದಿಕ್ಕಿನಲ್ಲಿ ಬಲ್ಬಿನ ಸುತ್ತ ನಡೆಯಲಿ. ಬಲ್ಬನ್ನು ನೋಡಿದಾಗ ಅದರ ಹಿಂದೆ ಕಾಣುವ ಚೀಟಿ ಆಗಿನ ಮಳೆ. ಬೆನ್ನು ತಿರುಗಿಸಿ ನಿಂತಾಗ ಎದುರಿರುವುದು ನಡುರಾತ್ರಿಯ ಆಕಾಶ. ಬಲ್ಬಿನ ಹಿಂದೆ ಆರಿದ್ರಾ ಬಂದಾಗ ಬೆನ್ನ ಹಿಂದಿರುವುದು ಮೂಲಾ, ಅಂದರೆ ವೃಶ್ಚಿಕದ ಬಾಲ. ಆರಿದ್ರಾ ಮಳೆ ಸುರಿಯುವಾಗ ಆರಿದ್ರಾ ನಕ್ಷತ್ರ ಸೂರ್ಯನ ಜೊತೆ ಹಗಲಿನಲ್ಲೇ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ, ಕಾಣುವುದೇ ಇಲ್ಲ. ಅದನ್ನು ರಾತ್ರಿಯಿಡೀ ನೋಡಬೇಕೆಂದರೆ ಡಿಸೆಂಬರ್‌ವರೆಗೆ ಕಾಯಬೇಕು. ಇಷ್ಟು ಅರ್ಥವಾದ ಮಗುವಿಗೆ ಋತುವಿಗೆ ತಕ್ಕಂತೆ ನಕ್ಷತ್ರಗಳು ಏಕೆ ಬದಲಾಗುತ್ತವೆ ಎಂದು ಬೇರೆ ಹೇಳಬೇಕಿಲ್ಲ.

ಇಲ್ಲಿ ಜಾತಕದ ಪ್ರಶ್ನೆ ಬಂದೇ ಬರುತ್ತದೆ. ಮನೆಯವರ ನಂಬಿಕೆಯನ್ನು ಹಳಿಯಬೇಡಿ, ಜಾರಿಕೊಳ್ಳಲೂ ಬೇಡಿ. ಪಂಚಾಂಗದಲ್ಲಿ ಸೂರ್ಯ ಚಂದ್ರರ ಜಾಗ ಹೇಳುವ ಭಾಗ ಖಗೋಳದ ಲೆಕ್ಕ, ಅದನ್ನು ನಾವೇ ಅಳೆದು ಪರೀಕ್ಷಿಸಬಹುದು. ಫಲ ಹೇಳುವ ಭಾಗವನ್ನು ಹಾಗೆ ಅಳೆದು ತೋರಿಸಲು ಆಗುವುದಿಲ್ಲ. ನಾನು ಇಷ್ಟನ್ನೇ ಹೇಳುತ್ತೇನೆ.

ಹಂತ 7: ಡಿಸೆಂಬರಿನ ಉದ್ದ ನೆರಳು

ಡಿಸೆಂಬರ್ 22ರ ಮಧ್ಯಾಹ್ನ ನಮ್ಮ ಕೋಲಿನ ನೆರಳು ಉತ್ತರಕ್ಕೆ 75 ಸೆಂಟಿಮೀಟರ್. ವರ್ಷದಲ್ಲೇ ಅತಿ ಉದ್ದ. ಅಲ್ಲಿಂದ ಮುಂದೆ ಕುಗ್ಗತೊಡಗುತ್ತದೆ, ಸೂರ್ಯ ಉತ್ತರಕ್ಕೆ ತಿರುಗಿದ್ದಾನೆ. ಹಾಗಿದ್ದರೆ ಉತ್ತರಾಯಣವನ್ನು ಜನವರಿ 14ರ ಸಂಕ್ರಾಂತಿಗೆ ಯಾಕೆ ಹೇಳುತ್ತೇವೆ? ಸಂಕ್ರಾಂತಿಯನ್ನು ಎಣಿಸುವುದು ನೆರಳಿನಿಂದಲ್ಲ, ನಕ್ಷತ್ರಗಳ ನಡುವೆ ಸೂರ್ಯ ಮಕರ ರಾಶಿಗೆ ಬರುವುದರಿಂದ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೂಗುತ್ತದೆ, ಸುಮಾರು 72 ವರ್ಷಕ್ಕೆ 1 ಡಿಗ್ರಿ. ಸುಮಾರು 1,700 ವರ್ಷಗಳ ಹಿಂದೆ ಈ ಎರಡೂ ದಿನ ಒಂದೇ ಆಗಿದ್ದವು, ಆಮೇಲೆ ದೂರವಾಗುತ್ತಾ ಬಂದವು. ಸಂಕ್ರಾಂತಿ ರಜೆಯ ಮರುದಿನ ನೆರಳು ಅಳೆದು ಡಿಸೆಂಬರಿನ ಅಳತೆಯ ಪಕ್ಕ ಇಟ್ಟರೆ ಎಳ್ಳುಬೆಲ್ಲದ ಜೊತೆ ಈ ಮಾತೂ ಮನೆಗೆ ಹೋಗುತ್ತದೆ.

ಹಂತ 8: ಕನ್ನಡಿ ಚೂರಿನಲ್ಲಿ ಸೂರ್ಯ

ಮೊದಲು ಎಚ್ಚರಿಕೆ. ಸೂರ್ಯನನ್ನು ಬರಿಗಣ್ಣಿನಿಂದ, ಬೈನಾಕ್ಯುಲರ್‌ನಿಂದ, ಎಕ್ಸ್‌ರೇ ಫಿಲ್ಮಿನಿಂದ, ಬಣ್ಣದ ಗಾಜಿನಿಂದ ಯಾವತ್ತೂ ನೋಡಬಾರದು. ನೀರಿನಲ್ಲಿ ಬಿದ್ದ ಬಿಂಬವನ್ನೂ ನೋಡಬಾರದು. ಕಣ್ಣಿನ ಒಳಪರದೆ ಸುಟ್ಟರೆ ನೋವೇ ಆಗುವುದಿಲ್ಲ, ಅದೇ ಅಪಾಯ. ಈ ಮಾತನ್ನು ಮಕ್ಕಳಿಂದ ಬಾಯಿಬಿಟ್ಟು ಹೇಳಿಸಿ.

ಈಗ ಕೆಲಸ. ಸಣ್ಣ ಕನ್ನಡಿಗೆ ದಪ್ಪ ಕಾಗದ ಅಂಟಿಸಿ, ಕಾಗದದಲ್ಲಿ 5 ಮಿಲಿಮೀಟರಿನ ತೂತು ಮಾಡಿ. ಕನ್ನಡಿಯನ್ನು ಬಿಸಿಲಿನಲ್ಲಿಟ್ಟು ಬೆಳಕನ್ನು ಕತ್ತಲೆ ಕೋಣೆಯ ಗೋಡೆಗೆ ಹೊಡೆಯಿಸಿ, ಕನ್ನಡಿಯಿಂದ ಗೋಡೆಗೆ 15 ಮೀಟರ್ ಇರಲಿ. ಗೋಡೆಯ ಮೇಲೆ ಸುಮಾರು 14 ಸೆಂಟಿಮೀಟರ್ ಅಗಲದ ದುಂಡು ಬೆಳಕು ಬೀಳುತ್ತದೆ. ತೂತನ್ನು ಚೌಕವಾಗಿ ಕತ್ತರಿಸಿದರೂ ಬೆಳಕು ದುಂಡಗೇ, ಏಕೆಂದರೆ ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಸೂರ್ಯನ ದೂರ 15 ಕೋಟಿ ಕಿಲೋಮೀಟರ್ ಎಂದು ಹೇಳಿಕೊಟ್ಟು ಅನುಪಾತದ ಲೆಕ್ಕ ಮಾಡಿಸಿ: ವ್ಯಾಸ 14 ಲಕ್ಷ ಕಿಲೋಮೀಟರ್. ಹೊಂಗೆ ಮರದಡಿ ಬೀಳುವ ದುಂಡು ದುಂಡು ಬೆಳಕಿನ ಬಿಲ್ಲೆಗಳೂ ಸೂರ್ಯನ ಬಿಂಬಗಳೇ. 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಸೂರ್ಯ ಬಳೆಯಂತೆ ಕಂಡ ಗ್ರಹಣದ ಬೆಳಿಗ್ಗೆ, ನಮ್ಮ ಕಡೆ ಮರದಡಿಯ ಬಿಲ್ಲೆಗಳೆಲ್ಲ ಕುಡುಗೋಲಿನಂತಾಗಿದ್ದವು.

ಹಂತ 9: ರಾಗಿ ಕಾಳಿನಷ್ಟು ಭೂಮಿ

ಆಟದ ಮೈದಾನದಲ್ಲಿ 1 ಸೆಂಟಿಮೀಟರಿಗೆ 1 ಲಕ್ಷ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಸೂರ್ಯ 14 ಸೆಂಟಿಮೀಟರಿನ ಚೆಂಡು. ಭೂಮಿ ಒಂದು ರಾಗಿ ಕಾಳು, ಚೆಂಡಿನಿಂದ 15 ಮೀಟರ್ ದೂರ. ಚಂದ್ರ ಆ ರಾಗಿಯಿಂದ 4 ಸೆಂಟಿಮೀಟರಿಗೂ ಕಡಿಮೆ ದೂರದಲ್ಲಿ ಒಂದು ಮರಳಿನ ಕಣ. ಗುರು ಆಡುವ ಗೋಲಿಯಷ್ಟು, 78 ಮೀಟರ್. ನೆಪ್ಚೂನ್ ಮೆಣಸಿನ ಕಾಳು, 450 ಮೀಟರ್, ಅಂದರೆ ಶಾಲೆಯ ಗೇಟು ದಾಟಿ ಊರೊಳಗೆ. ಇದೇ ಅಳತೆಯಲ್ಲಿ ಅತಿ ಹತ್ತಿರದ ಇನ್ನೊಂದು ನಕ್ಷತ್ರ ಎಲ್ಲಿ? ಸುಮಾರು 4,000 ಕಿಲೋಮೀಟರ್ ದೂರದಲ್ಲಿ. ಕಾಶ್ಮೀರದಿಂದ ಕನ್ಯಾಕುಮಾರಿಯ ಉದ್ದಕ್ಕಿಂತ ಹೆಚ್ಚು. ಗ್ರಹಗಳ ಪಟ್ಟಿಯನ್ನು ನಾನು ಕಲಿಸುವುದು ಈ ದಿನ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಾಳು ಕೊಟ್ಟು.

ಹಂತ 10: ಒಂದೇ ಒಂದು ರಾತ್ರಿ

ವರ್ಷಕ್ಕೆ ಒಂದು ರಾತ್ರಿ ಸಾಕು, ಆದರೆ ಚೆನ್ನಾಗಿ ಮಾಡಿ. ಫೆಬ್ರವರಿ ಒಳ್ಳೆಯ ತಿಂಗಳು: ಆಕಾಶ ತಿಳಿ, ಪರೀಕ್ಷೆ ಇನ್ನೂ ದೂರ. ಅಮಾವಾಸ್ಯೆಯ ಹಿಂದು ಮುಂದಿನ ದಿನ ಆರಿಸಿ. ತಂದೆ ತಾಯಿಯರನ್ನೂ ಕರೆಯಿರಿ, ಮಕ್ಕಳು ಅವರ ಜೊತೆಯಲ್ಲೇ ಬಂದು ಅವರ ಜೊತೆಯಲ್ಲೇ ಹೋಗಲಿ. ಟಾರ್ಚಿಗೆ ಕೆಂಪು ಕಾಗದ ಕಟ್ಟಿ. ಕಣ್ಣು ಕತ್ತಲೆಗೆ ಹೊಂದಲು 20 ನಿಮಿಷ ಬೇಕು, ಯಾರಾದರೂ ಒಬ್ಬರು ಫೋನ್ ತೆರೆದರೂ ಎಲ್ಲ ಮೊದಲಿನಿಂದ.

ತೋಳು ಚಾಚಿ ಹಿಡಿದ ಕಿರುಬೆರಳಿನ ಅಗಲ 1 ಡಿಗ್ರಿ, ನಡುವಿನ ಮೂರು ಬೆರಳು 5, ಮುಷ್ಟಿ 10. ಇದನ್ನು ಹಗಲಲ್ಲೇ ಅಭ್ಯಾಸ ಮಾಡಿಸಿ. ಹುಣ್ಣಿಮೆಯ ದೊಡ್ಡ ಚಂದ್ರನೂ ಅರ್ಧ ಕಿರುಬೆರಳಿಗೆ ಮುಚ್ಚಿಹೋಗುತ್ತಾನೆ ಎಂದರೆ ಯಾರೂ ನಂಬುವುದಿಲ್ಲ, ಮಾಡಿ ನೋಡುವವರೆಗೆ.

ಎಂಟು ಗಂಟೆಗೆ ದಕ್ಷಿಣಕ್ಕೆ ಮುಖ ಮಾಡಿ ತಲೆ ಎತ್ತಿದರೆ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜ. ನಡುವಿನ ಮೂರು ಸಾಲುಚುಕ್ಕಿ ಹಿಡಿದು ಆಗ್ನೇಯಕ್ಕೆ ಇಳಿದರೆ ಆಕಾಶದಲ್ಲೇ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ. ಅದೇ ಗೆರೆಯಲ್ಲಿ ವಾಯವ್ಯಕ್ಕೆ ಹೋದರೆ ರೋಹಿಣಿ, ಅದರಾಚೆ ಕೃತ್ತಿಕೆ. ಕೃತ್ತಿಕೆಯಲ್ಲಿ ಎಷ್ಟು ಚುಕ್ಕಿ ಕಾಣುತ್ತವೆ ಎಂದು ಎಣಿಸಿ ಬರೆಯಲಿ. ದಕ್ಷಿಣದಲ್ಲಿ ಕೆಳಗೆ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ, ಯುರೋಪಿನ ಹೆಚ್ಚಿನ ಊರುಗಳಲ್ಲಿ ಇದು ಕಾಣುವುದೇ ಇಲ್ಲ. ಮಹಾವ್ಯಾಧನ ಭುಜದ ಆರಿದ್ರಾ ಕೆಂಪಗಿದೆ, ಕಾಲಿನ ರೈಜೆಲ್ ನೀಲಿ ಮಿಶ್ರಿತ ಬಿಳುಪು. ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಕಾವು ಏರಿದಂತೆ ಹಳದಿಯಾಗಿ, ಬೆಳ್ಳಗಾಗುವುದನ್ನು ಕಂಡ ಮಕ್ಕಳಿಗೆ ಯಾವುದು ಹೆಚ್ಚು ಬಿಸಿ ಎಂದು ತಾವೇ ಹೇಳಲು ಬರುತ್ತದೆ. ಆರಿದ್ರಾದ ಮೇಲ್ಮೈ ಸುಮಾರು 3,500 ಕೆಲ್ವಿನ್, ರೈಜೆಲ್ ಸುಮಾರು 12,000.

ಧ್ರುವ ನಕ್ಷತ್ರಕ್ಕೆ ಹುಡುಕಾಟ ಸ್ವಲ್ಪ ಕಷ್ಟ. ಅದು ಇರುವುದು ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ. ನಮಗೆ 13 ಡಿಗ್ರಿ, ಅಂದರೆ ಒಂದು ಮುಷ್ಟಿ ಮತ್ತು ಎರಡು ಬೆರಳು. ತೆಂಗಿನ ಮರ ಅಡ್ಡ ಬಂದರೆ ಮುಗಿಯಿತು. ಉತ್ತರಕ್ಕೆ ಬಯಲಿರುವ ಜಾಗ ಹುಡುಕಿ, ಕೋಲಿನ ಉತ್ತರ ಗೆರೆಯ ನೇರಕ್ಕೆ ನಿಂತು ನೋಡಿ. ನವೆಂಬರ್, ಡಿಸೆಂಬರಿನಲ್ಲಾದರೆ ಕುಂತೀ (ಕ್ಯಾಸಿಯೋಪಿಯಾ) ನಕ್ಷತ್ರಪುಂಜ, ಮಾರ್ಚ್ ನಂತರ ಸಪ್ತರ್ಷಿ ಮಂಡಲ ದಾರಿ ತೋರಿಸುತ್ತವೆ. ಅದು ಅತಿ ಪ್ರಕಾಶದ ನಕ್ಷತ್ರವಲ್ಲ, ಹುಡುಕಿ ಸಿಕ್ಕಾಗ "ಇಷ್ಟೇನಾ" ಎನ್ನಬಹುದು. ಮುಷ್ಟಿ ಹಿಡಿದು ಅಳೆಯಲು ಹೇಳಿ. ಸೆಪ್ಟೆಂಬರಿನಲ್ಲಿ ನೆರಳು ಕೊಟ್ಟ ಸಂಖ್ಯೆಯನ್ನೇ ಅದು ಮತ್ತೆ ಕೊಡುತ್ತದೆ.

ಒಂದು ಬೈನಾಕ್ಯುಲರ್ ಸಿಕ್ಕರೆ ಗೋಡೆಗೆ ಆನಿಸಿ ಹಿಡಿದು ಗುರುವನ್ನು ನೋಡಿ, ಆಗ ಆಕಾಶದಲ್ಲಿದ್ದರೆ. ಪಕ್ಕದಲ್ಲಿ ಸಾಲಾಗಿ ಚಿಕ್ಕ ಚುಕ್ಕಿಗಳು, 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ನಾಲ್ಕು ಉಪಗ್ರಹಗಳು. ಯಾವ ಗ್ರಹ ಯಾವಾಗ ಎಲ್ಲಿದೆ ಎಂದು ತಿಳಿಯಲು ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ಸಾಕು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೋ ಮಂಗಳೂರಿನ ಪಿಲಿಕುಳದ ತಾರಾಲಯಕ್ಕೋ ಶಾಲಾ ಪ್ರವಾಸ ಹೋಗುವುದಾದರೆ ಈ ರಾತ್ರಿಯ ನಂತರ ಹೋಗಿ. ನಿಜವಾದ ಆಕಾಶ ನೋಡಿದವರು ಅಲ್ಲಿ ಕೇಳುವ ಪ್ರಶ್ನೆಗಳೇ ಬೇರೆ.

ಆ ರಾತ್ರಿ ಎಲ್ಲರೂ ಹೊರಡುವ ಮುಂಚೆ ನಾನು ಒಂದು ಕೆಲಸ ಮಾಡಿಸುತ್ತೇನೆ. ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್, ಅದೇ ಒಂದು ಜ್ಯೋತಿರ್ವರ್ಷ. ಲುಬ್ಧಕ 8.6 ಜ್ಯೋತಿರ್ವರ್ಷ ದೂರ. ಈಗ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ನೀವು ಎಲ್ಲಿದ್ದಿರಿ, ಲೆಕ್ಕ ಹಾಕಿ ಎನ್ನುತ್ತೇನೆ. ಕತ್ತಲೆಯಲ್ಲಿ ಬೆರಳು ಮಡಚುವ ಸದ್ದಿಲ್ಲದ ಲೆಕ್ಕ ನಡೆಯುತ್ತದೆ. 9ನೇ ತರಗತಿಯ ಹುಡುಗಿಯೊಬ್ಬಳು ಅಮ್ಮನ ಕಡೆ ತಿರುಗಿ, "ಅವ್ವಾ, ನೀನು ನನ್ನ ಒಂದನೇ ಕ್ಲಾಸಿಗೆ ಸೇರಿಸಿದಾಗ ಹೊರಟಿದ್ದು ಇದು" ಎಂದಳು. ಅವಳ ಅಮ್ಮ ಮತ್ತೊಮ್ಮೆ ತಲೆ ಎತ್ತಿ ನೋಡಿದರು.

ಮಾರ್ಚ್ 20ರ ಸುಮಾರಿಗೆ ನೆರಳು ಮತ್ತೆ 24 ಸೆಂಟಿಮೀಟರಿಗೆ ಬಂದಿರುತ್ತದೆ, ಅದೇ ನೋಟ್‌ಬುಕ್ಕಿನ ಕೊನೆಯ ಅಳತೆ. ಎಲ್ಲ ಅಳತೆಗಳನ್ನೂ ಒಂದು ಉದ್ದನೆಯ ಗ್ರಾಫಿಗೆ ಇಳಿಸಿ, ಗೋಡೆಗೆ ಅಂಟಿಸಿ. ಮೋಡದಿಂದ ತಪ್ಪಿಹೋದ ವಾರಗಳ ಜಾಗವನ್ನು ಖಾಲಿಯೇ ಬಿಡಿ, ಊಹಿಸಿ ತುಂಬಬೇಡಿ. ನೋಟ್‌ಬುಕ್ಕನ್ನು ಮನೆಗೆ ಕಳಿಸದೆ ಪ್ರಯೋಗಾಲಯದ ಬೀರುವಿನಲ್ಲಿಡಿ. ಜೂನ್‌ನಲ್ಲಿ ಹೊಸ 8ನೇ ತರಗತಿಯವರು ಬಂದಾಗ ಖಾಲಿ ಜಾಗಗಳನ್ನು ತೋರಿಸಿ, ಆ ವಾರಗಳ ನೆರಳನ್ನು ಅವರು ಹಿಡಿಯಲಿ.